ನಿಟ್ಟೂರಲ್ಲಿ ಯಾರ ಪೈಕಿ

ಇಲ್ಲ, ಮೆಟ್ಟಿಲು ಮನೆಯ ಎಡಗಡೆ ಇತ್ತು ಅನ್ನುವುದೂ ಖಾತ್ರಿಯಿಲ್ಲ. ಇಷ್ಟು ವರ್ಷ ಎಡಗಡೆ ಅಂತಲೇ ಅಂದುಕೊಂಡಿದ್ದೆ. ಈಗ ಶಿರಾ ಗೇಟಿನ ಹಿಂದಿನ ಈ ಬೀದಿಯಲ್ಲಿ ನಿಂತು ನೋಡಿದರೆ ಎಡಗಡೆ ಮೆಟ್ಟಿಲಿರುವ ಮನೆ ಒಂದೂ ಕಾಣುತ್ತಿಲ್ಲ. ಆ ಮನೆಯ ಗೇಟು ಹಸಿರಾಗಿತ್ತು. ಆದರೆ ಗೇಟಿಗೆ ಯಾರು ಯಾವಾಗ ಬೇಕಾದರೂ ಬಣ್ಣ ಹೊಡೆಸುತ್ತಾರೆ, ಅದನ್ನು ಹಿಡಿದುಕೊಂಡು ಮನೆ ಹುಡುಕಲಾಗುವುದಿಲ್ಲ. ಗೇಟಿನ ಮುಂದೆ ಆಳದ ಗುಂಡಿ, ಗುಂಡಿಯ ಮೇಲೆ ದಾಟುವುದಕ್ಕೊಂದು ಹಲಗೆ. ಹಲಗೆಯ ಮೇಲೆ ಮೊದಲು ರೂಪ ನಡೆದಳು, ಹಿಂದೆ ನಾನು. ಇದು ಮಾತ್ರ ನಿಜ ಅನ್ನಿಸುತ್ತದೆ, ಹಲಗೆ ಅಲುಗಿದ್ದು ಪಾದಕ್ಕೆ ಇನ್ನೂ ನೆನಪಿದೆ. ಅಥವಾ ಅದು ಬೇರೆ ಹಲಗೆಯೋ. ಆ ವರ್ಷ ತುಮಕೂರಿನ ಎಲ್ಲ ಮನೆಗಳ ಮುಂದೆಯೂ ಒಂದೊಂದು ಹಲಗೆ ಇತ್ತು.

ಅಮ್ಮನ ಕಣ್ಣಿಗೆ ಪೊರೆ ಬಂದಿದೆ. ತೋರಿಸೋಣವೆಂದು ಗುಬ್ಬಿಯಿಂದ ಕರೆದುಕೊಂಡು ಬಂದಿದ್ದೆ. ನಾನೀಗ ಇರುವುದು ಅಲ್ಲೇ, ಕೆಲಸವೂ ಅಲ್ಲೇ. ಆಸ್ಪತ್ರೆಯಲ್ಲಿ ಅವಳ ಕಣ್ಣಿಗೆ ಡ್ರಾಪ್ಸ್ ಹಾಕಿ, ಸ್ವಲ್ಪ ಹೊತ್ತು ಮುಚ್ಚಿಕೊಂಡು ಕೂತಿರಿ ಅಂದರು. "ನೀನ್ಯಾಕೆ ನನ್ ಮುಖ ನೋಡ್ಕಂಡು ಕೂತಿದೀಯ? ಹೋಗಿ ಕಾಫಿ ಕುಡ್ಕಂಡ್ ಬಾ," ಅಂದಳು ಅಮ್ಮ, ಕಣ್ಣು ಮುಚ್ಚಿಕೊಂಡೇ. ಹೊರಗೆ ಬಂದರೆ ರಸ್ತೆಯ ಅಂಚಿನಲ್ಲಿ ಯಾವುದೋ ಪೈಪಿಗೆಂದು ಅಗೆಯುತ್ತಿದ್ದರು. ಹಸಿಮಣ್ಣು, ಚರಂಡಿ, ಜಲ್ಲಿಪುಡಿ ಮೂರೂ ಸೇರಿದ ವಾಸನೆ. ಕಾಫಿ ಬೇಡವೆನಿಸಿತು. ಕಾಲು ತಾನಾಗಿ ಈ ಕಡೆ ತಿರುಗಿತು ಅಂತ ಬರೆದರೆ ಸುಳ್ಳಾಗುತ್ತದೆ. ದಾರಿ ಗೊತ್ತಿರಲಿಲ್ಲ, ಇಬ್ಬರನ್ನು ಕೇಳಿಕೊಂಡು ಬಂದೆ.

ಆ ವರ್ಷ ಅಂದರೆ ನಾವು ಡಿಗ್ರಿಯ ಎರಡನೇ ವರ್ಷದಲ್ಲಿದ್ದ ವರ್ಷ. ಸ್ಮಾರ್ಟ್ ಸಿಟಿ ಮಾಡುತ್ತೇವೆಂದು ಊರನ್ನು ಉದ್ದಕ್ಕೂ ಅಗಲಕ್ಕೂ ಅಗೆದಿದ್ದರು. ಬಸ್ ಸ್ಟ್ಯಾಂಡನ್ನು ಒಡೆದು, ಬಸ್ಸುಗಳನ್ನು ಬೇರೆ ಕಡೆ ನಿಲ್ಲಿಸುತ್ತಿದ್ದರು. ಇವತ್ತು ಹೋದ ದಾರಿ ನಾಳೆ ಇರುತ್ತಿರಲಿಲ್ಲ. ಬೆಂಗಳೂರಿನವರಿಗೆ ತುಮಕೂರು ಹೆದ್ದಾರಿಯಲ್ಲಿ ಸಿಗುವ ಒಂದು ಊರು, ತಟ್ಟೆ ಇಡ್ಲಿ ತಿಂದು ಮುಂದೆ ಹೋಗುವ ಜಾಗ. ನಮಗೆ ಅದು ಸಿಟಿ. ನಿಟ್ಟೂರಿನಿಂದ ಬೆಳಗಿನ ಪ್ಯಾಸೆಂಜರ್ ರೈಲು ಹತ್ತಿ ಬರುತ್ತಿದ್ದ ನನಗೆ ಮೊದಲ ವರ್ಷವೆಲ್ಲ ಸ್ಟೇಷನ್ನಿನಿಂದ ಕಾಲೇಜು, ಕಾಲೇಜಿನಿಂದ ಬಸ್ಸು, ಅಷ್ಟೇ ತುಮಕೂರು. ಉಳಿದದ್ದೆಲ್ಲ ಬಸ್ಸಿನ ಕಿಟಕಿಯಿಂದ ನೋಡಿದ ಅಂಗಡಿ ಬೋರ್ಡುಗಳು. ಸಿಟಿ ಒಳಗೆ ಏನಿದೆ ಅಂತ ನನಗೆ ತೋರಿಸಿದ್ದು ರೂಪ. ತೋರಿಸಿದ್ದು ಅನ್ನುವುದೂ ಸರಿಯಲ್ಲ, ಅವಳಿಗೂ ಗೊತ್ತಿರಲಿಲ್ಲ. ಅವಳಿಗೊಂದು ರೂಮು ಬೇಕಾಗಿತ್ತು, ಹುಡುಕಲು ನಾನು ಜೊತೆಗೆ ಹೋದೆ. ಹಾಗೆ ಊರು ನೋಡಿದ್ದು.

ರೂಪ ಕುಣಿಗಲ್ಲಿನಿಂದಾಚೆ ಒಂದು ಹಳ್ಳಿಯವಳು. ಕತ್ತಲಿರುವಾಗಲೇ ಎದ್ದು, ಒಂದು ಬಸ್ಸಿನಲ್ಲಿ ಕುಣಿಗಲ್ಲಿಗೆ, ಅಲ್ಲಿಂದ ಇನ್ನೊಂದರಲ್ಲಿ ತುಮಕೂರಿಗೆ. ಮೊದಲ ಬಸ್ಸು ತಪ್ಪಿದರೆ ಎರಡನೆಯದೂ ತಪ್ಪುತ್ತಿತ್ತು, ಎರಡೂ ಸಿಕ್ಕರೂ ಗೂಳೂರಿನ ಹತ್ತಿರ ರಸ್ತೆ ಕಿತ್ತಿರುವ ಕಡೆ ನಿಂತುಬಿಡುತ್ತಿತ್ತು. ಮೊದಲ ಪೀರಿಯಡ್ಡು ಅವಳ ಪಾಲಿಗೆ ಇರಲೇ ಇಲ್ಲ. ಮೊದಲ ಪೀರಿಯಡ್ಡು ಸೈಕಾಲಜಿ. ಅವಳು ತುಮಕೂರಿಗೆ ಬಂದದ್ದೇ ಸೈಕಾಲಜಿಗೆ, ಅವಳಿಗೆ ಬೇಕಾದ ಕಾಂಬಿನೇಶನ್ ಹತ್ತಿರದಲ್ಲೆಲ್ಲೂ ಇರಲಿಲ್ಲ. ಅಟೆಂಡೆನ್ಸ್ ಕಮ್ಮಿಯಾಯಿತು, ಮೇಡಂ ಕರೆದು ಹೇಳಿದರು. ಹಾಸ್ಟೆಲಿಗೆ ಅರ್ಜಿ ಹಾಕಿದ್ದಳು, ಆ ವರ್ಷ ಹೆಸರು ಬರಲಿಲ್ಲ. ಪೀಜಿಯ ಖರ್ಚು ಅವಳ ಅಣ್ಣನ ಕೈಲಿ ಆಗುವ ಮಾತಾಗಿರಲಿಲ್ಲ. ಅಣ್ಣ ಕೆಟ್ಟವನಲ್ಲ. ಬೆಳಗಿನ ಜಾವ ಅವಳನ್ನು ಬಸ್ಸಿಗೆ ಬಿಟ್ಟು, ಹಾಗೇ ಕಾರ್ಖಾನೆಯ ಶಿಫ್ಟಿಗೆ ಹೋಗಿ, ಅವನೂ ಸೋತಿದ್ದ. "ಗೂಳೂರು ಗಣಪತಿ ಕೂರ್ಸೋದ್ರೊಳಗೆ ರೂಮ್ ಮಾಡ್ಕೊ. ಆಗ್ಲಿಲ್ವಾ, ಟೀಸಿ ತಗಂಡು ಕುಣಿಗಲ್ ಕಾಲೇಜಿಗೆ ಸೇರು, ಹಿಸ್ಟ್ರಿನೋ ಗಿಸ್ಟ್ರಿನೋ ಓದು," ಅಂದಿದ್ದನಂತೆ. ಗೂಳೂರಿನ ಗಣಪತಿಯನ್ನು ಚೌತಿಗಲ್ಲ, ದೀಪಾವಳಿಯ ಪಾಡ್ಯಕ್ಕೆ ಕೂರಿಸುತ್ತಾರೆ. ದಿನಾ ಅವಳ ಬಸ್ಸು ಗೂಳೂರಿನ ಮೇಲೇ ಬರುತ್ತಿತ್ತು. "ಇವತ್ತು ಕೆರೆ ಮಣ್ಣು ತಂದ್ ಹಾಕವ್ರೆ ಕಣೇ," ಅನ್ನುತ್ತಿದ್ದಳು ಕ್ಲಾಸಿಗೆ ಬರುತ್ತಲೇ. ಕೆಲವು ದಿನ ಬಿಟ್ಟು, "ಇವತ್ತು ಹೊಟ್ಟೆ ಬಂತು." ಗಣಪತಿಯ ಮೂರ್ತಿ ಅಲ್ಲೇ ಕೂತಲ್ಲೇ ಬೆಳೆಯುತ್ತಿತ್ತು. ಅವಳು ಬಸ್ಸಿನಲ್ಲಿ ನಿಂತುಕೊಂಡೇ ಆ ಮಣ್ಣಿನ ಹೊಟ್ಟೆಯನ್ನು ನಿಜವಾಗಿ ನೋಡುತ್ತಿದ್ದಳೋ, ನನ್ನನ್ನು ನಗಿಸಲು ಹೇಳುತ್ತಿದ್ದಳೋ, ನಾನು ಕೇಳಲಿಲ್ಲ.

ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ ಹೊರಡುತ್ತಿದ್ದೆವು. ನಮ್ಮ ಬಸ್ ಪಾಸು ಊರಿನಿಂದ ಊರಿಗೆ, ಸಿಟಿಯೊಳಗೆ ನಡೆಯಲಿಲ್ಲ. ಈಗ ಹೆಣ್ಣುಮಕ್ಕಳು ಆಧಾರ್ ತೋರಿಸಿ ಎಲ್ಲಿ ಬೇಕಾದರೂ ಹತ್ತಿ ಇಳಿಯುತ್ತಾರೆ. ಆಗ ನಡೆಯುವುದು, ಅಷ್ಟೇ. ಎಸ್.ಎಸ್. ಪುರಂ, ಉಪ್ಪಾರಹಳ್ಳಿ, ಕೋತಿತೋಪು, ಬಟವಾಡಿ. ಒಂದು ದಿನ ಹೊರಪೇಟೆಯ ಸಂದಿಗಳಲ್ಲಿ ಹೊಕ್ಕು, ಹೊರಗೆ ಬರುವ ದಾರಿ ಸಿಗದೆ, ಅಕ್ಕಿಮಂಡಿಯೊಂದರ ಹಿಂಬಾಗಿಲಿನಿಂದ ಒಳಗೆ ಹೋಗಿ ಮುಂಬಾಗಿಲಿನಿಂದ ಆಚೆ ಬಂದೆವು. ಮೂಟೆ ಹೊರುತ್ತಿದ್ದವರು ಏನೂ ಕೇಳಲಿಲ್ಲ. 'ಬಾಡಿಗೆಗೆ ಇದೆ' ಅಂತ ಬೋರ್ಡು ನೇತುಹಾಕಿದ ಕಡೆಯೆಲ್ಲ ಗೇಟಿನ ಚಿಲಕ ಸದ್ದು ಮಾಡುವುದು, ಕಾಯುವುದು. ನನ್ನ ಚಪ್ಪಲಿಯ ಉಂಗುಷ್ಠ ಎಲ್ಲೋ ಅಮಾನಿಕೆರೆಯ ಹತ್ತಿರ ಕಿತ್ತುಹೋಗಿ, ರೂಪ ತನ್ನ ದುಪಟ್ಟಾದಿಂದ ಪಿನ್ನು ತೆಗೆದು ಹಾಕಿದಳು. ಆ ಪಿನ್ನು ನಡೆದಷ್ಟೂ ಚುಚ್ಚುತ್ತಿತ್ತು. ಮನೆಗೆ ಹೋಗಿ ಬಿದ್ದುಕೊಂಡರೆ ಮುಚ್ಚಿದ ಕಣ್ಣೊಳಗೂ ಬೀದಿಗಳು ಬರುತ್ತಿದ್ದವು. ಈಗ ಅವು ಒಂದರೊಳಗೊಂದು ಸೇರಿಬಿಟ್ಟಿವೆ. ಒಂದು ಮನೆಯ ನಾಯಿ ಇನ್ನೊಂದು ಮನೆಯ ಜಗಲಿಯ ಮೇಲೆ ಮಲಗಿದೆ. ಗುಬ್ಬಿ ಗೇಟಿನ ಹತ್ತಿರವೂ ಒಂದು ಮನೆ ನೋಡಿದ್ದೆವು, ಮಳೆ ಬರುತ್ತಿತ್ತು, ಅಲ್ಲಿಯದು ಆ ನಾಯಿ, ಕಂದುಬಣ್ಣದ್ದು. ಅಷ್ಟು ಬಿಟ್ಟರೆ ಆ ಮನೆಯದು ಇನ್ನೇನೂ ಉಳಿದಿಲ್ಲ.

ರೂಮು ಇರುತ್ತಿತ್ತು. ರೂಮು ಎಲ್ಲ ಕಡೆಯೂ ಇತ್ತು. ನೇರವಾಗಿ ಯಾರೂ ಜಾತಿ ಕೇಳುತ್ತಿರಲಿಲ್ಲ. ಯಾವೂರು ಅನ್ನುತ್ತಿದ್ದರು. ಊರು ಹೇಳಿದರೆ, ಊರಲ್ಲಿ ಯಾರ ಪೈಕಿ. ಅದನ್ನು ಹೇಳಿದರೆ, ಮನೆ ಯಾವ ಬೀದಿಲಿ. ಅದಕ್ಕೂ ಗೊತ್ತಾಗದಿದ್ದರೆ, ಮನೆದೇವ್ರು ಯಾವ್ದಮ್ಮ. ನಮ್ಮ ಕಡೆ ಇದನ್ನು ಯಾರೂ ತಪ್ಪು ಅಂದುಕೊಳ್ಳುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರೂ ಹೀಗೇ ಮಾತು ಶುರು ಮಾಡುತ್ತಾರೆ, ನಮ್ಮಪ್ಪನೂ ಮಾಡುತ್ತಾನೆ. ನನ್ನ ಜಾತಿ, ರೂಪಳ ಜಾತಿ ಬೇರೆ. ನನ್ನದು ತಿಳಿದವರು ತಲೆಯಾಡಿಸಿ ಬಾಡಿಗೆ ಎಷ್ಟೆಂದು ಹೇಳುತ್ತಿದ್ದರು. ಅವಳದು ತಿಳಿದವರಿಗೆ ಆ ರೂಮಿಗೆ ನೆಂಟರು ಬರುವುದು ಇದ್ದಕ್ಕಿದ್ದಂತೆ ನೆನಪಾಗುತ್ತಿತ್ತು.

"ತುಮಕೂರಿಗೆ ಎಷ್ಟ್ ನೆಂಟ್ರು ಬರ್ತಾರಲ್ಲೇ," ಅಂದಳು ರೂಪ ಒಂದು ದಿನ. "ಎಲ್ರೂ ಇದೇ ತಿಂಗ್ಳು."

ಇನ್ನೊಂದು ದಿನ ಗೇಟು ಹಾಕಿಕೊಂಡು ಬರುತ್ತಾ, "ಆ ಆಂಟಿ ಕಣ್ಣು ನೋಡ್ದಾ? ನನ್ ಮುಖ ನೋಡ್ಲೇ ಇಲ್ಲ. ಬುಕ್ಕಲ್ಲಿ ಅದಕ್ಕೆ ಹೆಸ್ರಿದೆ, ಅವಾಯ್ಡೆನ್ಸು," ಅಂದಳು.

"ನಿಂಗೆ ಫಸ್ಟ್ ಪೀರಿಯಡ್ಡೇ ಇಲ್ಲ, ಯಾವಾಗ ಓದ್ದೆ?"

"ಬಸ್ಸಲ್ಲಿ. ನಿಂತ್ಕಂಡು. ಒಂದ್ ಕೈಲಿ ಕಂಬಿ, ಒಂದ್ ಕೈಲಿ ಬುಕ್ಕು. ಮುಂದಿನ್ ಸಲ ಮನೆದೇವ್ರು ಕೇಳಿದ್ರೆ ಕೆಂಪು ಬಸ್ಸು ಅಂದ್ಬಿಡ್ಲಾ? ದಿನಾ ಕೈ ಮುಗ್ದು ಕಾಯೋದು ಅದನ್ನೇ."

ನಾವು ನಕ್ಕೆವು. ಆ ನಗುವನ್ನು ಈಗ ಎಷ್ಟು ನಂಬಬೇಕೋ ತಿಳಿಯುವುದಿಲ್ಲ. ಅವಳ ಮಾತುಗಳು ಮಾತ್ರ ನನ್ನ ಹತ್ತಿರ ಹೀಗೆ ಅಚ್ಚುಕಟ್ಟಾಗಿ ಉಳಿದಿವೆ. ಅವಳು ಮಾತಾಡದೆ ನಡೆದ ದಾರಿಗಳೇ ಹೆಚ್ಚು, ಅವನ್ನು ನಾನು ಉಳಿಸಿಕೊಂಡಿಲ್ಲ. ದಣಿವಿನಲ್ಲಿ ಬರೆಯುವಂಥದ್ದು ಏನೂ ಇರುವುದಿಲ್ಲ. ಇಬ್ಬರು ಹುಡುಗಿಯರು ಧೂಳಿನಲ್ಲಿ ಹೋದರು, ವಾಪಸು ಬಂದರು.

ಸುಳ್ಳಿನ ಉಪಾಯ ಹೊಳೆದದ್ದು ಬಸ್ ಕಾಯುವಾಗ. ಯಾರಿಗೆ ಹೊಳೆಯಿತು ಅನ್ನುವುದರಲ್ಲಿ ನನಗೆ ಎರಡು ನೆನಪುಗಳಿವೆ. ಒಂದರಲ್ಲಿ ರೂಪ, "ಇನ್ಮೇಲೆ ನಾನೂ ನಿಟ್ಟೂರು," ಅನ್ನುತ್ತಾಳೆ. ಇನ್ನೊಂದರಲ್ಲಿ ನಾನು, "ನೀನು ನಮ್ಮ ದೊಡ್ಡಪ್ಪನ ಮಗಳು ಅಂತ ಹೇಳಣ," ಅನ್ನುತ್ತೇನೆ. ಎರಡರಲ್ಲೂ ಹಿಂದೆ ಕಡಲೆಕಾಯಿ ಹುರಿಯುವ ಸದ್ದಿದೆ. ದೀಪಾವಳಿ ಹತ್ತಿರ ಬಂದಿತ್ತು. ಗಣಪತಿಗೆ ಸೊಂಡಿಲು ಬಂದಿತ್ತು.

ಮಾರನೆಯ ದಿನವೋ, ಅದರ ಮಾರನೆಯ ದಿನವೋ ಶಿರಾ ಗೇಟಿನ ಈ ಬೀದಿಗೆ ಬಂದೆವು. ಹಲಗೆ ದಾಟಿದೆವು. ಮನೆಯ ಅಜ್ಜಿ ವರಾಂಡದಲ್ಲಿ ಕಾಲು ಚಾಚಿಕೊಂಡು ಮೊರದಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಮನೆಯಲ್ಲಿ ಇನ್ಯಾರೂ ಇದ್ದಂತಿರಲಿಲ್ಲ. ಅಜ್ಜಿಯ ಹೆಸರು ನಮಗೆ ಕೊನೆಗೂ ತಿಳಿಯಲಿಲ್ಲ.

"ಓದೋ ಹೆಣ್ಮಕ್ಳಾ? ಬನ್ರಮ್ಮ, ಕೂತ್ಕಳಿ. ಎಷ್ಟ್ ಬಿಸ್ಲು. ಯಾವೂರು?"

"ನಿಟ್ಟೂರು," ಅಂದೆ. "ಇಬ್ರೂ."

ಅಜ್ಜಿ ಸೊಪ್ಪಿನ ಕೈ ನಿಲ್ಲಿಸಿದರು. "ಗುಬ್ಬಿ ನಿಟ್ಟೂರಾ? ಅಯ್ಯೋ, ನಮ್ ನಾದಿನಿನ ಕೊಟ್ಟಿರೋದು ನಿಟ್ಟೂರಿಗೇ ಕಣ್ರಮ್ಮ. ನಿಟ್ಟೂರಲ್ಲಿ ಯಾರ ಪೈಕಿ?"

ಇಂಥ ತಪ್ಪು ನಮ್ಮ ಕಡೆಯವರಷ್ಟೇ ಮಾಡಬಲ್ಲರು. ಗುಬ್ಬಿಗೆ ತುಮಕೂರಿನ ಹೆಣ್ಣು, ತುಮಕೂರಿಗೆ ಕುಣಿಗಲ್ಲಿನ ಹೆಣ್ಣು, ಕೊಟ್ಟು ತಂದು ಕೊಟ್ಟು ತಂದು ಮೂರು ತಾಲ್ಲೂಕು ಒಂದೇ ಅಂಗಳವಾಗಿದೆ. ಅದು ಗೊತ್ತಿದ್ದೂ ನಾವು ಊರಿನ ಹೆಸರನ್ನೇ ಸುಳ್ಳಿಗೆ ಹಿಡಿದುಕೊಂಡಿದ್ದೆವು.

ನಾನು ನನ್ನ ಅಪ್ಪನ ಹೆಸರು, ಅಂಗಡಿಯ ಗುರುತು ಹೇಳಿದೆ. ಅಪ್ಪನಿಗೆ ನಿಟ್ಟೂರಿನ ರೈಲ್ವೆ ಗೇಟಿನ ಹತ್ತಿರ ಟೂ ವೀಲರ್ ರಿಪೇರಿ ಅಂಗಡಿ. "ಇವ್ಳು ನಮ್ಮ ದೊಡ್ಡಪ್ಪನ ಮಗ್ಳು," ಅಂದೆ.

"ಗ್ಯಾರೇಜಿನೋರ ಮಗಳಾ? ನಮ್ ನಾದಿನಿ ಮಗ ಗಾಡಿ ರಿಪೇರಿಗೆ ಬಿಡೋದು ಅಲ್ಲೇ ಇರ್ಬೇಕು. ಫೋನ್ ಮಾಡಿ ಕೇಳ್ತೀನಿ ತಡಿ," ಅಂದರು. ಇಲ್ಲಿ ಒಂದು ಕಷ್ಟವಿದೆ. ಅವರು 'ತಡಿ' ಅಂದರೋ, 'ಸಾಯಂಕಾಲ ಫೋನ್ ಮಾಡಿ ಕೇಳ್ತೀನಿ' ಅಂದರೋ. ಎರಡಕ್ಕೂ ಬಹಳ ವ್ಯತ್ಯಾಸ ಇದೆ, ಅದಕ್ಕೇ ಇಷ್ಟು ವರ್ಷ ಇದನ್ನು ತಿರುಗಿಸಿ ತಿರುಗಿಸಿ ನೋಡಿದ್ದೇನೆ. ತಿರುಗಿಸಿದಷ್ಟೂ ಸವೆದಿದೆ.

ಅಜ್ಜಿ ಸೆರಗಿನ ಗಂಟಿನಿಂದ ಬೀಗದ ಕೈ ಬಿಚ್ಚಿ ನನಗೆ ಕೊಟ್ಟರು. "ಮೇಲೆ ಹೋಗಿ ರೂಮ್ ನೋಡ್ಕಂಡ್ ಬಾ. ನನ್ ಮಂಡಿ ಹತ್ತಕ್ಕಾಗಲ್ಲ."

"ನೀನ್ ಹೋಗೇ ಶೈಲು," ಅಂದಳು ರೂಪ. ಅಷ್ಟರಲ್ಲಿ ಅವಳು ಅಜ್ಜಿಯ ಎದುರು ಚಕ್ಕಳಮಕ್ಕಳ ಹಾಕಿಕೊಂಡು ಕೂತು ಮೊರಕ್ಕೆ ಕೈಹಾಕಿದ್ದಳು. "ನಾನ್ ಸೊಪ್ಪು ಬಿಡಿಸ್ತೀನಿ. ಕಾಲು ಬತ್ತಿಲ್ಲ ನಂಗೆ."

ಕಾಲು ನನಗೂ ಬರುತ್ತಿರಲಿಲ್ಲ. ಮೆಟ್ಟಿಲು ಹತ್ತಿ ಬಾಗಿಲು ತೆಗೆದೆ. ಸುಣ್ಣ ಹೊಡೆದ ಚಿಕ್ಕ ಕೋಣೆ, ಗೋಡೆಯಲ್ಲಿ ಎರಡು ಕಲ್ಲಿನ ಷೆಲ್ಫು, ಮೂಲೆಯಲ್ಲಿ ಸ್ಟೌ ಇಡಲು ಕಟ್ಟೆ. ಕಿಟಕಿ ತೆಗೆದರೆ ಟ್ಯಾಂಕುಗಳ ಆಚೆ ದೇವರಾಯನದುರ್ಗದ ಬೆಟ್ಟ. ನಲ್ಲಿ ತಿರುಗಿಸಿದೆ. ಮೊದಲು ಗಾಳಿ ಬಂತು, ಆಮೇಲೆ ಕೆಂಪು ನೀರು, ಆಮೇಲೆ ನೀರು. ರೂಪ ಕಿಟಕಿಯ ಕಡೆ ಮಲಗಲಿ, ನಾನು ಬಾಗಿಲ ಕಡೆ ಅಂದುಕೊಂಡೆ. ನನ್ನ ಮನೆಯವರು ಒಪ್ಪಿದರೆ ಇಬ್ಬರೂ ಇರುವುದು ಅಂತ ಮಾತಾಗಿತ್ತು. ಇಲ್ಲಿಂದ ಕಾಲೇಜಿಗೆ ನಡೆದುಕೊಂಡು ಹೋಗಬಹುದು. ಅವಳಿಗೆ ಮೊದಲ ಪೀರಿಯಡ್ಡು ಸಿಗುತ್ತದೆ. ನೆಲ ತಣ್ಣಗಿತ್ತು. ಗೋಡೆಗೆ ಒರಗಿ ಕೂತೆ.

ನಿದ್ದೆ ಬಂತೋ ಏನೋ. ಬಂದಿರಬೇಕು. ಎದ್ದಾಗ ಕಿಟಕಿಯ ಬಿಸಿಲು ನೆಲದ ಮೇಲೆ ಬೇರೆ ಕಡೆ ಇತ್ತು ಅಂತ ಒಂದು ಚಿತ್ರ ಇದೆ. ಅದನ್ನೂ ಆಮೇಲೆ ನಾನೇ ಹಾಕಿಕೊಂಡಿರಬಹುದು, ನಿದ್ದೆ ಹೋಗಿದ್ದೆ ಅನ್ನುವುದಕ್ಕೆ ಒಂದು ಗುರುತು ಬೇಕಲ್ಲ.

ಕೆಳಗೆ ಬಂದರೆ ರೂಪ ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ನಿಂತಿದ್ದಳು. ಅಜ್ಜಿ ಕೂತಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರು, ತಲೆ ಎತ್ತಲಿಲ್ಲ. ಮೊರದಲ್ಲಿ ಬಿಡಿಸಿದ ಸೊಪ್ಪು ಎರಡು ಗುಡ್ಡೆಯಾಗಿತ್ತು. ಫೋನು ಅಜ್ಜಿಯ ಪಕ್ಕದಲ್ಲಿತ್ತು, ಹಳೆಯ ಗುಂಡಿ ಫೋನು. ಮೊದಲೂ ಅಲ್ಲೇ ಇತ್ತೋ, ಒಳಗಿನಿಂದ ತಂದದ್ದೋ.

"ನಡಿ," ಅಂದಳು ರೂಪ.

ಈ ಕಥೆಯನ್ನು ಹಿಂದೆ ಒಂದೆರಡು ಸಲ ಬೇರೆಯವರಿಗೆ ಹೇಳಿದ್ದೇನೆ. ಹೇಳುವಾಗ ಇಲ್ಲೊಂದು ಲೋಟ ಸೇರಿಸುತ್ತಿದ್ದೆ. ರೂಪ ಕಾಫಿ ಕುಡಿದ ಲೋಟವನ್ನು ಅಜ್ಜಿ ಹೊರಗಿನ ಕಟ್ಟೆಯ ಮೇಲೆ ಬೋರಲು ಹಾಕಿದ್ದರು ಅಂತ. ಕೇಳಿದವರು ನಿಟ್ಟುಸಿರು ಬಿಡುತ್ತಿದ್ದರು. ಅಜ್ಜಿ ನಮಗೆ ಕಾಫಿಯನ್ನೇ ಕೊಟ್ಟಿರಲಿಲ್ಲ. ಇಂಥ ಕಥೆಗಳಲ್ಲಿ ಒಂದು ಲೋಟ ಇರುತ್ತದೆ, ಹಾಗಾಗಿ ನನ್ನದರಲ್ಲೂ ಬಂದು ಕೂತಿತ್ತು. ಇದ್ದದ್ದು ಸೊಪ್ಪಿನ ಎರಡು ಗುಡ್ಡೆ. ಎರಡು ಕೈ ಬಿಡಿಸಿದರೆ ಎರಡು ಗುಡ್ಡೆ ಆಗುವುದು ಸಹಜ. ಅಥವಾ ಒಂದನ್ನು ಬೇರೆ ಮಾಡಿದ್ದರೋ. ಸೊಪ್ಪನ್ನು ನೋಡಿ ಹೇಳಲಾಗುವುದಿಲ್ಲ.

ಹಲಗೆ ದಾಟಿ ಬೀದಿಯ ತುದಿಗೆ ಬಂದೆವು.

"ಅಜ್ಜಿ ಏನಂದ್ರೇ?"

"ಏನಿಲ್ಲ ಬುಡು."

"ರೂಮ್ ಚೆನ್ನಾಗೈತೆ ಕಣೇ. ನೀರು ಬರುತ್ತೆ. ಕಿಟಕೀಲಿ ಬೆಟ್ಟ ಕಾಣುತ್ತೆ."

"ಬೆಟ್ಟ ಇಟ್ಕಂಡ್ ಏನ್ ಮಾಡ್ಲೇ." ಸ್ವಲ್ಪ ದೂರ ನಡೆದ ಮೇಲೆ, "ನೆಂಟ್ರು ಬತ್ತಾರಂತೆ," ಅಂದಳು. ಅದು ನಮ್ಮಿಬ್ಬರ ನಡುವಿನ ತಮಾಷೆಯ ಮಾತು. ತಮಾಷೆಗೆ ಅಂದಳೋ, ಅಜ್ಜಿ ನಿಜವಾಗಿಯೂ ಹಾಗಂದರೋ, ಮುಖ ನೋಡಿದೆ. ಅವಳು ಗುಂಡಿಗಳನ್ನು ನೋಡಿಕೊಂಡು ನಡೆಯುತ್ತಿದ್ದಳು.

ಕುಣಿಗಲ್ ಬಸ್ಸು ಬಂದಾಗ ಅವಳು ಎಂದಿನಂತೆ ಓಡಿ, ಕಿಟಕಿಯಿಂದ ದುಪಟ್ಟಾ ಒಳಗೆ ಎಸೆದು ಸೀಟು ಹಿಡಿಯಲಿಲ್ಲ. ಎಲ್ಲರೂ ಹತ್ತಿದ ಮೇಲೆ ಹತ್ತಿದಳು. ಕಿಟಕಿಯಲ್ಲಿ ಅವಳು ಕಾಣಲಿಲ್ಲ, ಕಂಬಿ ಹಿಡಿದ ಕೈಗಳ ನಡುವೆ ಒಂದು ಕೈ ಅವಳದಿರಬೇಕು.

ನಾನು ಮನೆಗೆ ಹೋಗಿ ಬ್ಯಾಗು ತೆಗೆದರೆ ಅಜ್ಜಿಯ ಬೀಗದ ಕೈ ನನ್ನ ಬ್ಯಾಗಿನಲ್ಲೇ ಇತ್ತು.

ಅದನ್ನು ಕೊಟ್ಟು ಬರುವುದಕ್ಕೆ ಮುಂಚೆಯೇ ಸುಳ್ಳು ನಿಟ್ಟೂರಿಗೆ ಬಂದು ಮುಟ್ಟಿತ್ತು. ಭಾನುವಾರ ಅಪ್ಪ ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಊಟಕ್ಕೆ ಬಂದವನು, "ಏನೇ ಶೈಲಾ, ನಂಗೊಬ್ಬ ಅಣ್ಣ ಯಾವಾಗ ಹುಟ್ಟಿದ್ನೇ?" ಅಂದ.

ಅಜ್ಜಿಯ ನಾದಿನಿಯ ಮಗ ಆಯಿಲ್ ಚೇಂಜಿಗೆ ಬಂದಿದ್ದನಂತೆ. ನಿಮ್ಮಣ್ಣನ ಮಗಳೂ ತುಮಕೂರಲ್ಲಿ ಓದ್ತಾ ಇದಾಳಂತಲ್ಲ ಅಂತ ನಗುತ್ತಾ ಕೇಳಿದನಂತೆ. ನಾನು ನಡೆದದ್ದನ್ನು ಹೇಳಿದೆ. ಅಪ್ಪ ಬೈಯಲಿಲ್ಲ. ಮುದ್ದೆ ಮುರಿಯುತ್ತಾ, "ಸುಳ್ ಹೇಳೋರು ದೂರದೂರಿನ ಹೆಸ್ರು ಹೇಳ್ಬೇಕು ಕಣೇ. ನಿಟ್ಟೂರಲ್ಲಿ ಯಾರ್ ಮನೆ ಎಮ್ಮೆ ಕರು ಹಾಕಿದ್ರೂ ಶಿರಾ ಗೇಟಿಗೆ ಗೊತ್ತಾಗುತ್ತೆ," ಅಂದ. ಆಮೇಲೆ, "ಆ ಹುಡ್ಗಿ ಯಾರ ಪೈಕಿ?" ಅಂದ. ಅಮ್ಮ ಅವನ ಮುಖ ನೋಡಿದಳು. ಅವನು ಮತ್ತೆ ಕೇಳಲಿಲ್ಲ.

"ಅವ್ರ ಮನೆಗೆ ಫೋನ್ ಯಾವಾಗ ಬಂತಂತೆ? ಮಧ್ಯಾಹ್ನನಾ, ಸಾಯಂಕಾಲನಾ?" ಅಂದೆ.

"ಅದನ್ಯಾಕ್ ಕೇಳ್ಲಿ ನಾನು? ಆಯಿಲ್ ಹಾಕಿ ಕಳಿಸ್ದೆ."

ನನಗೆ ಬೇಕಾಗಿದ್ದದ್ದು ಅದೊಂದೇ. ಮಧ್ಯಾಹ್ನ ಬಂದಿದ್ದರೆ ರೂಪ ಎದುರಿಗೆ ಕೂತಿರುವಾಗಲೇ ಅಜ್ಜಿಗೆ ತಿಳಿದಿದೆ. ಸಾಯಂಕಾಲ ಬಂದಿದ್ದರೆ, ಅವಳು ಎದ್ದದ್ದು ಬೇರೆ ಕಾರಣಕ್ಕೆ.

ಬೀಗದ ಕೈ ಕೊಡಲು ಒಬ್ಬಳೇ ಹೋದೆ. ಅಜ್ಜಿ ನನ್ನನ್ನು ಗುರುತು ಹಿಡಿದು, "ಬಂದ್ಯಾ? ನಾನು ಬೀಗ ಒಡಿಸ್ಬೇಕು ಅಂತಿದ್ದೆ," ಅಂದರು. ದೊಡ್ಡಪ್ಪನ ಮಾತು ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಳ್ಳುತ್ತಾ, "ಆ ಹುಡ್ಗಿ ಬರ್ಲಿಲ್ವಾ?" ಅಂದರು.

"ಇಲ್ಲ ಅಜ್ಜಿ."

"ನಾನೇನೂ ಅನ್ಲಿಲ್ಲ ಕಣಮ್ಮ. ಅವ್ಳೇ ಬ್ಯಾಡ ಅಂತ ಎದ್ದೋದ್ಲು. ಸೊಪ್ಪು ಎಷ್ಟ್ ಚೆನ್ನಾಗ್ ಬಿಡಿಸಿದ್ಲು."

ಕೇಳದೆಯೇ 'ನಾನೇನೂ ಅನ್ನಲಿಲ್ಲ' ಅನ್ನುವವರು ಏನೋ ಅಂದಿರುತ್ತಾರೆ ಅಂತ ಆವತ್ತು ತೀರ್ಮಾನ ಮಾಡಿದೆ. ನನಗೂ ಸಾಕಾಗಿತ್ತು, ತೀರ್ಮಾನವೊಂದು ಬೇಕಾಗಿತ್ತು. ರೂಮು ನಾನೂ ತೆಗೆದುಕೊಳ್ಳಲಿಲ್ಲ. ಅದು ದೊಡ್ಡತನವೇನಲ್ಲ, ಒಬ್ಬಳೇ ಇರುವುದು ಬೇಡವೆಂದು ಅಪ್ಪ ಅಂದಿದ್ದ. ಉಳಿದ ವರ್ಷವೂ ಪ್ಯಾಸೆಂಜರ್ ರೈಲಿನಲ್ಲೇ ಓಡಾಡಿದೆ.

ಆಮೇಲೆ ರೂಪ ರೂಮು ಹುಡುಕಲು ಬರಲಿಲ್ಲ. "ಇವತ್ ಬ್ಯಾಡ," ಅನ್ನುತ್ತಿದ್ದಳು. ಮಧ್ಯಾಹ್ನ ಲೈಬ್ರರಿಯಲ್ಲಿ ಮೇಜಿನ ಮೇಲೆ ತಲೆಯಿಟ್ಟು ಮಲಗುತ್ತಿದ್ದಳು, ಪಕ್ಕದಲ್ಲಿ ನಾನೂ. ಗೂಳೂರಿನಲ್ಲಿ ಗಣಪತಿ ಕೂರಿಸಿದರು. ಸೆಮಿಸ್ಟರ್ ಪರೀಕ್ಷೆ ಬರೆದಳು. ಟೀಸಿ ತೆಗೆದುಕೊಂಡ ದಿನ ನನಗೆ ಹೇಳಿದ್ದಳು, ಕಾಲೇಜಿನ ಆಫೀಸಿನ ಮುಂದೆ ಜೊತೆಗೆ ನಿಂತಿದ್ದೆ. ಬಸ್ಸಿನ ತನಕ ಹೋದೆ. ಆವತ್ತು ನಾನು ಓಡಿಹೋಗಿ ನನ್ನ ದುಪಟ್ಟಾ ಕಿಟಕಿಯಿಂದ ಎಸೆದು ಅವಳಿಗೆ ಸೀಟು ಹಿಡಿದೆ. ಅವಳು ಹತ್ತಿ, ಕೂತು, ದುಪಟ್ಟಾವನ್ನು ಕಿಟಕಿಯಿಂದ ವಾಪಸು ಕೊಟ್ಟಳು. "ಹೊರಡ್ತೀನಿ ಕಣೇ. ನೀನ್ ಫಸ್ಟ್ ಪೀರಿಯಡ್ ತಪ್ಪಿಸ್ಬ್ಯಾಡ," ಅಂದಳು. ಇದರಲ್ಲಿ ಅನುಮಾನ ಇಲ್ಲ. ಅಥವಾ ಇದು ತೀರ ಚೆನ್ನಾಗಿ ಕೂತಿದೆ, ಅನುಮಾನಪಡಬೇಕಾದದ್ದು ಇದನ್ನೇ.

ಅವಳೀಗ ಕುಣಿಗಲ್ಲಿನ ಒಂದು ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಾಳೆ. ಮದುವೆಯಾಗಿದೆ. ಹಬ್ಬಗಳಿಗೆ ವಾಟ್ಸಾಪಿನಲ್ಲಿ ದೀಪದ ಚಿತ್ರ ಕಳಿಸುತ್ತಾಳೆ, ನಾನೂ ಕಳಿಸುತ್ತೇನೆ. ಅವಳನ್ನು ಕೇಳಬಹುದಿತ್ತು. ಇಷ್ಟು ವರ್ಷ ಫೋನು ಕೈಯಲ್ಲೇ ಇತ್ತು. ಕೇಳಲಿಲ್ಲ, ಅವಳಿಗೆ ಮತ್ತೆ ಆ ವರಾಂಡ ನೆನಪಾಗುವುದು ಬೇಡ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಇವತ್ತು ಏನಾಯಿತೋ, ಬೀದಿಯ ಫೋಟೋ ತೆಗೆದೆ. ಸಿಮೆಂಟು ಹಾಕಿದ ರಸ್ತೆ, ಮುಚ್ಚಿದ ಚರಂಡಿ, ಬಲಗಡೆ ಮೆಟ್ಟಿಲಿನ ಮನೆಗಳು. 'ಇದೇ ಬೀದಿ ಅಲ್ವಾ? ಅಜ್ಜಿ ಮನೆ?' ಅಂತ ಬರೆದು ಕಳಿಸಿದೆ. ಶಾಲೆಯ ಬಿಡುವಿತ್ತೇನೋ, ಬೇಗ ನೋಡಿದಳು.

'ಯಾವ ಅಜ್ಜಿ?' ಅಂತ ಬಂತು. ಆಮೇಲೆ, 'ಓ, ಸೊಪ್ಪಿನ ಅಜ್ಜಿ.' ಆಮೇಲೆ ಒಂದು ವಾಯ್ಸ್ ಮೆಸೇಜು. ಹಿಂದೆ ಮಕ್ಕಳ ಗದ್ದಲ. ರೂಪಳ ದನಿ ಸ್ವಲ್ಪ ದಪ್ಪಗಾಗಿದೆ, ದಿನವೆಲ್ಲ ಪಾಠ ಮಾಡುವವರ ದನಿ.

"ಅಲ್ಲಿಗ್ಯಾಕೆ ಹೋದ್ಯೇ ಈಗ? ಆ ಅಜ್ಜಿ ಪಾಪ ಚೆನ್ನಾಗೇ ಮಾತಾಡಿದ್ರು. ಫೋನೂ ಮಾಡ್ಲಿಲ್ಲ ಗೀನೂ ಮಾಡ್ಲಿಲ್ಲ. ನಂಗೇ ಸಾಕಾಗಿತ್ತು, ಎದ್ ಬಂದ್ಬುಟ್ಟೆ. ಗುಬ್ಬಿ ಗೇಟ್ ಮನೇಲಿ ಹಂಗಾದ್ಮೇಲೆ ನಂಗೆ ತುಮಕೂರಲ್ಲಿ ಯಾವ್ ಮನೇನೂ ಬ್ಯಾಡಾಗಿತ್ತು ಕಣೇ. ನಿನ್ ಖುಷಿಗೆ ಸುತ್ತಿದ್ದು. ನಿಂಗೊತ್ತಲ್ಲ, ನೀನೂ ಇದ್ಯಲ್ಲ ಅಲ್ಲಿ. ಇರು, ಬೆಲ್ಲಾಯ್ತು, ಆಮೇಲ್ ಮಾಡ್ತೀನಿ."

ಎರಡು ಸಲ ಕೇಳಿದೆ. 'ಹೂಂ, ಗೊತ್ತು' ಅಂತ ಬರೆದು ಅಳಿಸಿದೆ. ಆಸ್ಪತ್ರೆಗೆ ವಾಪಸು ಬರುವಾಗ ದಾರಿಯುದ್ದಕ್ಕೂ ಗುಬ್ಬಿ ಗೇಟಿನ ಆ ಮನೆಯನ್ನು ನೆನಪಿಗೆ ತಂದುಕೊಳ್ಳಲು ನೋಡಿದೆ. ಮಳೆ. ಕಂದು ನಾಯಿ. ನಾಯಿಯ ಹಿಂದೆ ಒಂದು ಬಾಗಿಲು ಇರಬೇಕು, ಬಾಗಿಲಲ್ಲಿ ಯಾರೋ ಇರಬೇಕು. ಯಾರೂ ಬರಲಿಲ್ಲ. ಅಮ್ಮ ಕಣ್ಣು ಮುಚ್ಚಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ನನ್ನ ಹೆಜ್ಜೆಯ ಸದ್ದಿಗೆ, "ಕಾಫಿ ಕುಡುದ್ಯಾ?" ಅಂದಳು. ಕುಡಿದೆ ಅಂದೆ.

ಅಲ್ಲಿ ನಾನಿದ್ದೆ ಅನ್ನುತ್ತಾಳೆ ರೂಪ. ಇದ್ದಿರಬೇಕು, ನಾಯಿ ನೆನಪಿದೆಯಲ್ಲ. ಆ ಮನೆಯಲ್ಲಿ ಅವಳಿಗೆ ಏನಾಯಿತು ಅನ್ನುವುದು ನನಗೆ ಗೊತ್ತಿಲ್ಲ.